ಸಕ್ಕರೆ ಸಿಗದ ಗಿಡದ ಕೋಶ ಏನು ತಿಂದು ಬದುಕುತ್ತದೆ?

ಗಿಡ ತನಗೆ ಬೇಕಾದ ಸಕ್ಕರೆಯನ್ನು ಬಿಸಿಲಲ್ಲಿ ತಾನೇ ಮಾಡಿಕೊಳ್ಳುತ್ತದೆ. ಆದರೆ ಅದೇ ಗಿಡದ ಒಂದಷ್ಟು ಕೋಶಗಳನ್ನು ಬಿಡಿಸಿ ಫ್ಲಾಸ್ಕಿನಲ್ಲಿ ಬೆಳೆಸಿದರೆ ಕಥೆಯೇ ಬೇರೆ. ಅವು ಸಾಮಾನ್ಯವಾಗಿ ಹಸಿರಾಗಿರುವುದಿಲ್ಲ, ಹಾಗಾಗಿ ಲೀಟರಿಗೆ ಸುಮಾರು 30 ಗ್ರಾಂ ಸಕ್ಕರೆಯನ್ನು ನಾವೇ ಹಾಕಬೇಕು. ಅದನ್ನು ನಿಲ್ಲಿಸಿಬಿಟ್ಟರೆ?

ಕೋಶ ತಕ್ಷಣ ಸಾಯುವುದಿಲ್ಲ. ಮೊದಲು ಒಳಗೆ ಕೂಡಿಟ್ಟ ಸಕ್ಕರೆ ಮತ್ತು ಪಿಷ್ಟ ಖರ್ಚಾಗುತ್ತವೆ. ಅವು ಮುಗಿಯುತ್ತಾ ಬಂದಂತೆ ಉಸಿರಾಟ ಇಳಿಯುತ್ತದೆ, ಸಕ್ಕರೆ ಒಡೆಯುವ ಕಿಣ್ವಗಳ ಚಟುವಟಿಕೆಯೂ ಇಳಿಯುತ್ತದೆ. ಒಡೆಯೋಕೆ ಸಕ್ಕರೆಯೇ ಇಲ್ಲ ಅಂದಮೇಲೆ ಅವುಗಳಿಗೆ ಕೆಲಸವೆಲ್ಲಿ, ಅಲ್ವಾ?

ಹಾಗಂತ ಎಲ್ಲ ಕಿಣ್ವಗಳೂ ಸುಮ್ಮನಾಗುವುದಿಲ್ಲ. ಪ್ರೋಟೀನ್ ಕತ್ತರಿಸುವ ಪ್ರೋಟಿಯೇಸ್‌ಗಳು ಆಗಲೇ ಮೇಲೇಳುತ್ತವೆ. 1996ರಲ್ಲಿ ಜಪಾನಿನ ಮೊರಿಯಾಸು ಮತ್ತು ಓಸುಮಿ ತಂಬಾಕಿನ ಕೋಶಗಳನ್ನು ಸಕ್ಕರೆಯಿಲ್ಲದ ದ್ರಾವಣಕ್ಕೆ ಹಾಕಿ ನೋಡಿದರು. ಒಂದೇ ದಿನದಲ್ಲಿ ಪ್ರೋಟಿಯೇಸ್ ಚಟುವಟಿಕೆ 3ರಿಂದ 7 ಪಟ್ಟು ಜಾಸ್ತಿಯಾಯಿತು, ಎರಡು ದಿನದಲ್ಲಿ ಕೋಶದ ಪ್ರೋಟೀನಿನಲ್ಲಿ ಶೇ. 30ರಿಂದ 45ರಷ್ಟು ಕರಗಿಹೋಯಿತು. ಈ ಪ್ರಯೋಗದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇನ್ನೊಂದಿದೆ. ಪ್ರೋಟಿಯೇಸನ್ನು ತಡೆಯುವ ಮದ್ದು ಹಾಕಿ ಎಂಟು ಗಂಟೆ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕೋಶಕೇಂದ್ರದ ಸುತ್ತ ಪುಟ್ಟ ಪುಟ್ಟ ಗುಂಡುಗಳು ಗುಂಪುಗೂಡಿದ್ದವು. ಕೋಶ ತನ್ನದೇ ಒಡಲಿನ ಚೂರುಗಳನ್ನು ಸುತ್ತಿಕೊಂಡು ಅರಗಿಸಲು ಹೊರಟಿತ್ತು, ಮದ್ದಿನಿಂದಾಗಿ ಅರಗದೆ ಅವು ಹಾಗೇ ಉಳಿದುಬಿಟ್ಟಿದ್ದವು! ಇದೇ ಆಟೊಫೇಜಿ, ಅಂದರೆ ಸ್ವಭಕ್ಷಣೆ. ಯೀಸ್ಟ್‌ನಲ್ಲಿ ಇದರ ಗುಟ್ಟು ಬಿಡಿಸಿದ್ದಕ್ಕೆ ಓಸುಮಿಯವರಿಗೆ 2016ರಲ್ಲಿ ನೊಬೆಲ್ ಬಂತು.

ಸಕ್ಕರೆಯ ಬದಲು ಪ್ರೋಟೀನನ್ನು ಉರಿಸಿದರೆ ಅಮೋನಿಯಾ ಹುಟ್ಟುತ್ತದೆ, ಅದು ವಿಷ. ಅದಕ್ಕೇ ಆ ಅಮೋನಿಯಾದ ನೈಟ್ರೋಜನ್ನನ್ನು ಹಿಡಿದಿಡುವ ಆಸ್ಪರಜೀನ್ ಎಂಬ ಅಮೈನೋ ಆಮ್ಲ ತಯಾರಿಸುವ ಕಿಣ್ವವೂ ಹೆಚ್ಚುತ್ತದೆ. ಪ್ರತಿ ಆಸ್ಪರಜೀನ್ ಅಣುವಿನಲ್ಲೂ ಎರಡು ನೈಟ್ರೋಜನ್ ಪರಮಾಣುಗಳು ಭದ್ರವಾಗಿ ಕೂರುತ್ತವೆ.

ಭತ್ತದ ಕೋಶಗಳಲ್ಲಿ ಹಸಿವಾದಾಗ ಪಿಷ್ಟ ಒಡೆಯುವ ಆಲ್ಫಾ ಅಮೈಲೇಸ್ ಜೋರಾಗಿ ತಯಾರಾಗುತ್ತದೆ. ಸಕ್ಕರೆ ಇರುವಾಗ ಅದರ ಜೀನ್ ಹೆಚ್ಚುಕಮ್ಮಿ ಬಂದ್. ಸಕ್ಕರೆ ನಿಂತರೆ ಚಾಲೂ ಆಗುವ ಈ ಸ್ವಿಚ್ಚಿಗೆ ವಿಜ್ಞಾನಿಗಳು ಬೇರೆ ಜೀನನ್ನು ಜೋಡಿಸಿ, ಕೋಶಗಳನ್ನು ಮೊದಲು ಸಕ್ಕರೆ ಕೊಟ್ಟು ಬೆಳೆಸಿ, ಆಮೇಲೆ ಉಪವಾಸ ಕೆಡವಿ, ಔಷಧಿಗೆ ಬೇಕಾದ ಪ್ರೋಟೀನುಗಳನ್ನು ಮಾಡಿಸಿಕೊಂಡಿದ್ದಾರೆ. ತೊಂದರೆ ಏನೆಂದರೆ, ಅದೇ ಹಸಿವಿಗೆ ಪ್ರೋಟಿಯೇಸ್‌ಗಳೂ ಎದ್ದು, ತಯಾರಾದ ಪ್ರೋಟೀನನ್ನೇ ಕತ್ತರಿಸಿಹಾಕುತ್ತವೆ. ಹಾಗಾಗಿ ಪ್ರೋಟಿಯೇಸ್ ಜೀನಿನ ಬಾಯಿ ಕಟ್ಟಿದ ಭತ್ತದ ಕೋಶಗಳನ್ನೂ ಬೆಳೆಸಿ ನೋಡಿದ್ದಾರೆ.