ಡೌನ್‌ವಿಂಡರ್: ಹೊಟ್ಟು ಬೀಳುವ ಮಗ್ಗಲಿನವರು

ವಿಜಯಪುರ ಕಡೆಯ ನಮ್ಮೂರಲ್ಲಿ ಜೋಳದ ರಾಶಿ ಮಾಡುವಾಗ ಮುತ್ಯಾ ತೂರುವ ಮೊರ ಎತ್ತುವ ಮೊದಲು ಒಂದು ಹಿಡಿ ಹೊಟ್ಟು ಹಾರಿಸಿ ಗಾಳಿ ನೋಡುತ್ತಿದ್ದ. ಆಮೇಲೆ ಕೂಗು: "ಆ ಮಗ್ಗಲಕ ನಿಂದರಬ್ಯಾಡ್ರಿ, ಕಣ್ಣಾಗ ಹೊಟ್ಟ ಬೀಳ್ತೈತಿ!" ಕಾಳು ಅವನ ಕಾಲಬುಡಕ್ಕೆ, ಹೊಟ್ಟು ಗಾಳಿ ಹೋದತ್ತ. ಡೌನ್‌ವಿಂಡರ್ ಅಂದರೆ ಆ ಮಗ್ಗಲಲ್ಲಿ ಮನೆ ಇದ್ದವರು. ಹೊಟ್ಟಿನ ಬದಲು ಅಣುಬಾಂಬ್ ಪರೀಕ್ಷೆಯ ವಿಕಿರಣ ದೂಳು, ಅಷ್ಟೇ.

ಕಜಾಕಸ್ತಾನದಲ್ಲಿ ಸೋವಿಯತ್ ಅಣುಬಾಂಬ್ ಪರೀಕ್ಷೆ ನಡೆದ ಸೆಮಿಪಲಾಟಿನ್ಸ್ಕ್ ಸುತ್ತಲಿನವರೂ ಇಂಥವರೇ. ಆದರೆ ಈ ಹೆಸರು ಗಟ್ಟಿಯಾಗಿ ಅಂಟಿಕೊಂಡದ್ದು ಅಮೆರಿಕದ ನೆವಾಡಾ, ಯೂಟಾ, ಅರಿಜೋನಾ ಜನರಿಗೆ. ನೆವಾಡಾ ಮರುಭೂಮಿಯಲ್ಲಿ 1951ರಿಂದ 1962ರವರೆಗೆ ಸುಮಾರು 100 ಬಾಂಬುಗಳನ್ನು ಬಯಲಲ್ಲೇ ಸಿಡಿಸಿದರು. ಅಲ್ಲಿಯೂ ಮೊದಲು ಗಾಳಿ ನೋಡುತ್ತಿದ್ದರು. ಲಾಸ್ ವೇಗಸ್ ಕಡೆ ಬೀಸುತ್ತಿದ್ದರೆ ಸ್ಫೋಟ ಮುಂದಕ್ಕೆ. ಹೀಗಾಗಿ ದೂಳು ಹೋದದ್ದು ಪೂರ್ವಕ್ಕೆ, ಯೂಟಾದ ಸೇಂಟ್ ಜಾರ್ಜ್‌ನಂಥ ಸಣ್ಣ ಊರುಗಳ ಮೇಲೆ. ಮುತ್ಯಾ ಕೂಗಿ ಎಚ್ಚರಿಸುತ್ತಿದ್ದ. ಅಲ್ಲಿನ ಸರ್ಕಾರ ಮಾತ್ರ ಏನೂ ಅಪಾಯವಿಲ್ಲ ಎಂದೇ ಹೇಳುತ್ತಿತ್ತು.

ಹೊಟ್ಟಾದರೆ ಜಳಕ ಮಾಡಿದರೆ ಹೋಗುತ್ತದೆ. ಈ ದೂಳು ಹಾಲಿನ ದಾರಿ ಹಿಡಿಯುತ್ತದೆ. ಅದರೊಳಗಿನ ವಿಕಿರಣ ಸೂಸುವ ಅಯೋಡಿನ್-131 ಹುಲ್ಲಿನ ಮೇಲೆ ಕೂರುತ್ತದೆ, ಆಕಳು ಮೇಯುತ್ತದೆ, ಹಾಲು ಕುಡಿದ ಕೂಸಿನ ಥೈರಾಯ್ಡ್ ಗ್ರಂಥಿ ಅದನ್ನು ಮಾಮೂಲಿ ಅಯೋಡಿನ್‌ನಂತೆಯೇ ಹೀರಿ ಇಟ್ಟುಕೊಳ್ಳುತ್ತದೆ. ಅದರ ಅರ್ಧಾಯುಷ್ಯ, ಅಂದರೆ ಇದ್ದದ್ದು ಅರ್ಧಕ್ಕಿಳಿಯಲು ಹಿಡಿಯುವ ಕಾಲ, ಬರೀ 8 ದಿನ. ಅಂದರೆ ಕೆಲ ತಿಂಗಳಲ್ಲಿ ಅದು ಹೆಚ್ಚುಕಡಿಮೆ ಮಾಯ, ಗಂಟಲ ಗಡ್ಡೆ ಬರುವುದು ಹತ್ತಿಪ್ಪತ್ತು ವರ್ಷಕ್ಕೆ! ಅದೇ ದೂಳಿನ ಸ್ಟ್ರಾನ್ಷಿಯಂ-90 ಇನ್ನೂ ಹಟಮಾರಿ: ಸುಣ್ಣದಂಶದ ವೇಷದಲ್ಲಿ ಎಲುಬು ಸೇರುತ್ತದೆ, ಅರ್ಧಾಯುಷ್ಯ ಸುಮಾರು 29 ವರ್ಷ. ರಕ್ತದ ಕ್ಯಾನ್ಸರ್ ಬೇಗ ತಲೆ ಎತ್ತುತ್ತದೆ, ಉಳಿದವು ತಡವಾಗಿ.

ಗಡ್ಡೆಯ ಮೇಲೆ ಇಂಥ ಬಾಂಬಿನದು ಎಂಬ ಮೊಹರು ಇರುವುದಿಲ್ಲವಲ್ಲ, ರುಜುವಾತು ಎಲ್ಲಿಂದ ತರುವುದು? ಅಮೆರಿಕದ 1990ರ ಪರಿಹಾರ ಕಾಯ್ದೆ ಅದನ್ನು ಕೇಳಲೇ ಇಲ್ಲ. ಪಟ್ಟಿಯಲ್ಲಿರುವ ಜಿಲ್ಲೆಯಲ್ಲಿ ಆ ವರ್ಷಗಳಲ್ಲಿ ವಾಸವಿದ್ದು, ಪಟ್ಟಿಯಲ್ಲಿರುವ ಕ್ಯಾನ್ಸರ್ ಬಂದಿದ್ದರೆ ಸಾಕು. ಹೀಗೆ ಡೌನ್‌ವಿಂಡರ್ ಎಂಬುದು ಕಾನೂನಿನ ಮಾತೂ ಆಯಿತು. ಆದರೆ ಪಟ್ಟಿಗೂ ಗೆರೆ ಇತ್ತು. ಜಗತ್ತಿನ ಮೊದಲ ಅಣುಬಾಂಬ್ 1945ರ ಜುಲೈ 16ರಂದು ಸಿಡಿದ ನ್ಯೂ ಮೆಕ್ಸಿಕೋದ ಜನ ಅದರ ಹೊರಗೇ ಉಳಿದರು. ಅವರನ್ನು ಸೇರಿಸಿದ್ದು 2025ರಲ್ಲಿ. ಆ ಬೆಳಿಗ್ಗೆ ತೊಟ್ಟಿಲಲ್ಲಿದ್ದ ಕೂಸಿಗೆ ಅಷ್ಟೊತ್ತಿಗೆ ಎಂಬತ್ತು.