ಥಾನೋಸ್‌ಗೆ ತೆಲುಗು ಬಂತು, ಕನ್ನಡ ಯಾಕೆ ಬರಲಿಲ್ಲ?

2019ರ ಏಪ್ರಿಲ್ 18ಕ್ಕೆ ಮಂಡ್ಯದಲ್ಲಿ ಮತದಾನ ಮುಗಿಯಿತು. ಜೋಡೆತ್ತುಗಳ ಪ್ರಚಾರದ ಗದ್ದಲ ಅಡಗಿ, ಸುಮಲತಾನೋ ನಿಖಿಲೋ ಎಂಬ ಲೆಕ್ಕಾಚಾರಕ್ಕೆ ಊರು ಕೂತಿದ್ದಾಗಲೇ, ಸರಿಯಾಗಿ ಎಂಟನೇ ದಿನಕ್ಕೆ, ಸೂಪರ್‌ಹೀರೋಗಳ ‘ಅವೆಂಜರ್ಸ್: ಎಂಡ್‌ಗೇಮ್’ ತೆರೆಗೆ ಬಂತು. 181 ನಿಮಿಷದ ಸಿನಿಮಾ. ಭಾರತದಲ್ಲಿ ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ಬಿಡುಗಡೆಯಾಗಿ ₹300 ಕೋಟಿ ದಾಟಿತು. ತೆಲುಗಿನಲ್ಲಿ ಅದರ ಖಳ ಥಾನೋಸ್‌ಗೆ ದನಿ ಕೊಟ್ಟವರು ರಾಣಾ ದಗ್ಗುಬಾಟಿ, ತಮಿಳಿನಲ್ಲಿ ಐರನ್ ಮ್ಯಾನ್‌ಗೆ ವಿಜಯ್ ಸೇತುಪತಿ. ಕನ್ನಡದಲ್ಲಿ ಯಾರು ಅಂತ ಕೇಳುವ ಹಾಗೇ ಇರಲಿಲ್ಲ; ಕನ್ನಡದ ಆವೃತ್ತಿಯೇ ಇರಲಿಲ್ಲ. ಮಂಡ್ಯದಿಂದ 45 ಕಿ.ಮೀ. ರೈಲು ಹತ್ತಿ ಮೈಸೂರಿನ ಮಾಲ್‌ಗಳಿಗೆ ಹೋದವರು ಇಂಗ್ಲಿಷಿನಲ್ಲೇ ನೋಡಿ ಬರಬೇಕಾಯಿತು.

ಹೊಡೆದಾಟ ನೋಡೋಕೆ ಭಾಷೆ ಯಾಕೆ ಬೇಕು ಅನ್ನುವವರಿದ್ದಾರೆ. 1938ರ ಮಟ್ಟಿಗೆ ಅದು ನಿಜ. ಜೆರ್ರಿ ಸೀಗಲ್, ಜೋ ಶುಸ್ಟರ್ ಎಂಬ ಇಬ್ಬರು ಹುಡುಗರು 130 ಡಾಲರ್‌ಗೆ ಹಕ್ಕು ಮಾರಿಕೊಂಡ ಸೂಪರ್‌ಮ್ಯಾನ್, ಹತ್ತು ಸೆಂಟ್‌ನ ಕಾಮಿಕ್ಸ್ ಪುಸ್ತಕದ ಮುಖಪುಟದಲ್ಲಿ ಕಾರನ್ನೇ ತಲೆ ಮೇಲೆತ್ತಿದ್ದ. ಅದನ್ನು ಓದಿ ತಿಳಿಯಬೇಕಿಲ್ಲ. 1978ರ ಸಿನಿಮಾದಲ್ಲಿ ಅವನು ಹಾರಿದ್ದೂ ಹಾಗೆಯೇ. ನಟ ಪರದೆಯ ಮುಂದೆ ನೇತಾಡುತ್ತಿದ್ದ, ಹಿನ್ನೆಲೆ ಆ ಪರದೆಯ ಮೇಲೆ ಮೂಡುತ್ತಿತ್ತು. ಜೋರಾನ್ ಪೆರಿಸಿಕ್ ಎಂಬ ತಂತ್ರಜ್ಞ ಕ್ಯಾಮೆರಾಗೂ ಪ್ರೊಜೆಕ್ಟರ್‌ಗೂ ಜೂಮ್ ಲೆನ್ಸ್ ಹಾಕಿ, ಎರಡೂ ಒಂದೇ ಅಳತೆಯಲ್ಲಿ ಒಟ್ಟಿಗೆ ಜೂಮ್ ಆಗುವಂತೆ ಜೋಡಿಸಿದ. ಹಿನ್ನೆಲೆ ಇದ್ದಷ್ಟೇ ಇರುತ್ತದೆ, ನಟ ಮಾತ್ರ ದೊಡ್ಡದಾಗುತ್ತಾ ಬರುತ್ತಾನೆ. ನೋಡುವವರಿಗೆ ಆತ ಹಾರಿ ಹತ್ತಿರ ಬಂದಂತೆ. ಇದಕ್ಕೂ ಅನುವಾದ ಬೇಡ.

ಆದರೆ ಇವತ್ತಿನ ಸೂಪರ್‌ಹೀರೋ ಸಿನಿಮಾದ ಬೇರು 1938ರಲ್ಲಿಲ್ಲ, 1962ರಲ್ಲಿದೆ. ಆ ವರ್ಷ ಸ್ಟಾನ್ ಲೀ, ಸ್ಟೀವ್ ಡಿಟ್ಕೊ ಕೂಡಿ ಮಾಡಿದ ಸ್ಪೈಡರ್‌ಮ್ಯಾನ್ ತಂದೆತಾಯಿ ಇಲ್ಲದ, ಕಾಸಿಗೆ ಪರದಾಡುವ, ದೊಡ್ಡಮ್ಮ ಸಾಕಿದ ಹುಡುಗ. ಗುದ್ದುತ್ತಲೇ ಗೇಲಿ ಮಾಡುತ್ತಾನೆ, ಸೋತರೆ ತನ್ನೊಳಗೇ ಗೊಣಗುತ್ತಾನೆ. ಅಲ್ಲಿಂದ ಮುಂದೆ ಈ ನಾಯಕರು ಬಾಯಿ ಮುಚ್ಚಿದ್ದೇ ಇಲ್ಲ. ಸ್ಪೈಡರ್‌ಮ್ಯಾನ್ ಕಾಮಿಕ್ಸ್ ಪ್ರಕಟಿಸುತ್ತಿದ್ದ, 1996ರಲ್ಲಿ ದಿವಾಳಿಯಾದ ಮಾರ್ವೆಲ್ ಕಂಪನಿ ತನ್ನ ಪಾತ್ರಗಳ ಸಿನಿಮಾ ಹಕ್ಕನ್ನು ಕಂಡಕಂಡವರಿಗೆ ಮಾರಿಕೊಂಡಿತು. ಹಾಗೆ ಬೇರೆ ಕಂಪನಿ ಪಾಲಾದ ಸ್ಪೈಡರ್‌ಮ್ಯಾನ್ 2002ರಲ್ಲಿ ಮೊದಲ ವಾರಾಂತ್ಯದಲ್ಲೇ ಅಮೆರಿಕದಲ್ಲಿ 10 ಕೋಟಿ ಡಾಲರ್ ದಾಟಿದ ಮೊದಲ ಸಿನಿಮಾ ಎನಿಸಿತು. ಮಾರ್ವೆಲ್ ತಾನೇ ಸ್ಟುಡಿಯೋ ಕಟ್ಟಿ 2008ರಲ್ಲಿ ತಂದ ‘ಐರನ್ ಮ್ಯಾನ್’ನ ಚಿತ್ರೀಕರಣ ಚಿತ್ರಕಥೆ ಪೂರ್ತಿಯಾಗುವ ಮೊದಲೇ ಶುರುವಾಗಿತ್ತು, ಎಷ್ಟೋ ಮಾತನ್ನು ನಟರು ಸೆಟ್‌ನಲ್ಲೇ ಕಟ್ಟಿದರು. ಆ ಸಿನಿಮಾ ಗೆದ್ದದ್ದು ಲೋಹದ ಕವಚದಿಂದಲ್ಲ, ಕವಚದೊಳಗಿದ್ದವನ ನಾಲಿಗೆಯಿಂದ. ಸಬ್‌ಟೈಟಲ್ ಓದಿ ಮುಗಿಸುವಷ್ಟರಲ್ಲಿ ಆ ನಾಲಿಗೆ ಮುಂದಿನ ಮಾತಿಗೆ ಹೋಗಿರುತ್ತದೆ. ನಮ್ಮ ಕಡೆಯ ಬಹುಪಾಲು ಪ್ರೇಕ್ಷಕರಿಗೆ ಸಿಕ್ಕಿದ್ದು ಅರ್ಧ ಸಿನಿಮಾ ಅನ್ನುವುದು ಅದಕ್ಕೇ.

ಕಾಮಿಕ್ಸ್ ಪುಸ್ತಕ ಕನ್ನಡಕ್ಕೆ ತಡವಾಗಿ ಬಂದದ್ದಲ್ಲ. ಕಾರ್ಕಳದ ಅನಂತ ಪೈ ಹೆಸರಿನೊಂದಿಗೆ ದೇಶವೆಲ್ಲ ಗುರುತಿಸುವ ಅಮರ ಚಿತ್ರಕಥೆ 1965ರಲ್ಲಿ ಬೆಂಗಳೂರಿನಿಂದ ಮೊದಲು ಬಂದದ್ದೇ ಕನ್ನಡದಲ್ಲಿ. ಮಕ್ಕಳ ಪತ್ರಿಕೆ ‘ಬಾಲಮಂಗಳ’ದ ಡಿಂಗ ಎಂಬ ಇಲಿ, ಮಲಯಾಳದಿಂದ ಬಂದವನಾದರೂ, ಒಂದಿಡೀ ತಲೆಮಾರಿಗೆ ಕನ್ನಡದಲ್ಲೇ ಮಾತಾಡಿದ ಸೂಪರ್‌ಹೀರೋ. ಪುಸ್ತಕದಲ್ಲಿ ಆದದ್ದು ತೆರೆಯ ಮೇಲೆ ಆಗಲಿಲ್ಲ.

ಕಾರಣ ಹಳೆಯದು. 1960ರ ದಶಕದ ಹೊತ್ತಿಗೆ ಕನ್ನಡ ಸಿನಿಮಾ ಮದರಾಸಿನ ಸ್ಟುಡಿಯೋಗಳನ್ನು ನೆಚ್ಚಿಕೊಂಡಿದ್ದ ಸಣ್ಣ ಉದ್ಯಮ. ತೆಲುಗು, ತಮಿಳು ಚಿತ್ರಕ್ಕೆ ಕನ್ನಡದ ದನಿ ಅಂಟಿಸಿ ಬಿಡುವುದು ಹೊಸ ಚಿತ್ರ ತೆಗೆಯುವುದಕ್ಕಿಂತ ಎಷ್ಟೋ ಅಗ್ಗ. ಅನಕೃ, ಮ. ರಾಮಮೂರ್ತಿ ಮೊದಲಾದವರ ಕನ್ನಡ ಚಳವಳಿ ಡಬ್ಬಿಂಗ್ ವಿರುದ್ಧ ನಿಂತಿತು, ರಾಜ್‌ಕುಮಾರ್ ಬೆಂಬಲಿಸಿದರು. ಅಂದಿನ ಮಟ್ಟಿಗೆ ಆ ಭಯಕ್ಕೆ ಅರ್ಥವಿತ್ತು, ಅದನ್ನು ಹಗುರ ಮಾಡುವುದು ತಪ್ಪು. ಆದರೆ ಅದು ಎಂದೂ ಕಾನೂನಾಗಲಿಲ್ಲ. ಉದ್ಯಮದ ಕಟ್ಟುಪಾಡಾಗಿ ಅರ್ಧ ಶತಮಾನ ಉಳಿಯಿತು. 2012ರಲ್ಲಿ ಆಮಿರ್ ಖಾನ್ ಅವರ ‘ಸತ್ಯಮೇವ ಜಯತೆ’ ಟಿ.ವಿ. ಕಾರ್ಯಕ್ರಮ ಕೂಡ ಕನ್ನಡದಲ್ಲಿ ಪ್ರಸಾರವಾಗಲಿಲ್ಲ. ಕನ್ನಡ ಗ್ರಾಹಕರ ಕೂಟ ದೂರು ಕೊಟ್ಟಿತು. 2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆದ ಸಂಘಗಳಿಗೆ ದಂಡ ಹಾಕಿತು. 2017ರಲ್ಲಿ ಅಜಿತ್ ನಟಿಸಿದ ತಮಿಳು ಚಿತ್ರವೊಂದು ‘ಸತ್ಯದೇವ್ ಐಪಿಎಸ್’ ಆಗಿ ಕನ್ನಡಕ್ಕೆ ಬಂತು. 2018ರ ಡಿಸೆಂಬರ್‌ನಲ್ಲಿ ನಮ್ಮದೇ ‘ಕೆಜಿಎಫ್’ ಇನ್ನೂ ನಾಲ್ಕು ಭಾಷೆಗೆ ಡಬ್ ಆಗಿ ದೇಶ ಸುತ್ತಿತು. ಆಚೆ ಹೋಗಲು ಬಾಗಿಲು ತೆರೆದಿತ್ತು, ಒಳಗೆ ಬರಲು ಮಾತ್ರ ಇನ್ನೂ ಅನುಮಾನ.

ತಡೆ ಹೋದ ಮಾತ್ರಕ್ಕೆ ಕಸುಬು ಬರುವುದಿಲ್ಲ. ಕನ್ನಡ ಬಾರದ ನಾಯಕಿಯರಿಗೆ ದನಿ ಕೊಡುವ ಒಳ್ಳೆಯ ಕಲಾವಿದರು ನಮ್ಮಲ್ಲಿ ಮೊದಲಿಂದ ಇದ್ದರು. ಆದರೆ ಅಲ್ಲಿ ತುಟಿ ಆಡುವುದು ಕನ್ನಡದ ಮಾತಿಗೇ. ಇಂಗ್ಲಿಷಿಗೆ ಆಡಿದ ತುಟಿಗೆ ಕನ್ನಡ ಹೊಂದಿಸಿ ಬರೆಯುವುದು ಬೇರೆಯೇ ವಿದ್ಯೆ. ಸ್ಟುಡಿಯೋಗೆ ಬರುವುದು ಚಿತ್ರ, ಮಾತು ತೆಗೆದು ಸಂಗೀತ ಮತ್ತು ಸದ್ದು ಮಾತ್ರ ಉಳಿಸಿದ ಟ್ರ್ಯಾಕ್, ಪ್ರತಿ ಮಾತಿನ ಶುರು ಮತ್ತು ಕೊನೆಯ ಸಮಯ ಬರೆದ ಪಟ್ಟಿ. ಸೆಕೆಂಡಿಗೆ 24 ಫ್ರೇಮ್, ಅಂದರೆ ಒಂದು ಫ್ರೇಮ್ ಸುಮಾರು 42 ಮಿಲಿಸೆಕೆಂಡ್. ದನಿ ತುಟಿಗಿಂತ 45 ಮಿಲಿಸೆಕೆಂಡ್ ಮುಂದಾದರೆ ಕಣ್ಣು ಹಿಡಿಯುತ್ತದೆ. ಹಿಂದಾದರೆ ಸುಮಾರು 125ರವರೆಗೆ ಕ್ಷಮಿಸುತ್ತದೆ. ಹಾಗಾಗಿ ಅನುಮಾನವಿದ್ದಲ್ಲಿ ಮಾತನ್ನು ಒಂದು ಕೂದಲು ಹಿಂದೆ ಇಡುವುದು ಕ್ಷೇಮ.

ಮೊದಲು ನೋಡುವುದು ತುಟಿ ಕೂಡುವ ಜಾಗ. ಅಲ್ಲಿ ಪ, ಬ, ಮ ಬರಲೇಬೇಕು; ಬಾಯಿ ಅಗಲ ತೆರೆದಲ್ಲಿ ‘ಆ’. ಮುಖ ಹತ್ತಿರದಿಂದ ಕಾಣುವ ಶಾಟ್‌ನಲ್ಲಿ ಇದು ತಪ್ಪಿದರೆ ಎಂಥ ಅನುವಾದವೂ ಬೊಂಬೆಯಾಟ. ಸ್ಪೈಡರ್‌ಮ್ಯಾನ್‌ನ ಮುಖ ಪೂರ್ತಿ ಮುಚ್ಚಿರುವುದರಿಂದ ಬರೆಯುವವನಿಗೆ ಹಬ್ಬ, ಉದ್ದ ಒಂದನ್ನು ಕಾದರೆ ಸಾಕು. ಬ್ಯಾಟ್‌ಮ್ಯಾನ್ ಕಣ್ಣು, ಮೂಗು ಮುಚ್ಚಿ ಬಾಯನ್ನಷ್ಟೇ ಬಿಟ್ಟಿದ್ದಾನೆ. ನೋಡುವವರ ಕಣ್ಣು ಹೋಗುವುದೂ ಅಲ್ಲಿಗೇ.

ಇದಕ್ಕಿಂತ ದೊಡ್ಡ ತೊಡಕು ವಾಕ್ಯದ ಕೊನೆಯಲ್ಲಿದೆ. ‘ಅವನನ್ನು ಕೊಲ್ಲುವುದಿಲ್ಲ’ ಎಂಬ ಮಾತು ಇಂಗ್ಲಿಷಿನಲ್ಲಿ ಎರಡನೇ ಪದಕ್ಕೇ ಗೊತ್ತಾಗಿಬಿಡುತ್ತದೆ, ಖಳನ ಮುಖ ಆಗಲೇ ಬದಲಾಗುತ್ತದೆ. ಕನ್ನಡದಲ್ಲಿ ಕೊಲ್ಲುತ್ತಾನೋ ಬಿಡುತ್ತಾನೋ ತಿಳಿಯುವುದು ಕೊನೆಯ ‘ಇಲ್ಲ’ದಲ್ಲಿ. ಖಳ ಕಾರಣವಿಲ್ಲದೆ ಬೆಚ್ಚಿದಂತೆ ಕಾಣುತ್ತಾನೆ. ಪುಸ್ತಕದ ಕನ್ನಡದಲ್ಲಿ ಇದಕ್ಕೆ ದಾರಿಯಿಲ್ಲ, ಆಡುಮಾತಿನಲ್ಲಿದೆ: ‘ಕೊಲ್ಲಲ್ಲ ಕಣೋ, ಅವನನ್ನ.’ ಮಂಡ್ಯದಲ್ಲಿ ‘ಹೋಯ್ತೀನಿ ಕಣ್ಲಾ ನಾನು’ ಅನ್ನುವವರಿಗೆ ಈ ತಿರುವು ಹುಟ್ಟಿನಿಂದಲೇ ಗೊತ್ತು. ಆದರೂ ಡಬ್ಬಿಂಗ್ ಬರಹ ಗ್ರಾಂಥಿಕಕ್ಕೆ ಜಾರುತ್ತದೆ. ಮಂಡ್ಯದ ಮಾತನ್ನು ನಗಿಸೋಕೆ ಮಾತ್ರ ಬಳಸುವ ನಮ್ಮ ಸಿನಿಮಾಗಳ ಹಳೇ ಚಾಳಿಯೂ ಇದರಲ್ಲಿ ಪಾಲುದಾರ.

ಕನ್ನಡ ಕೊಡುವುದೂ ಇದೆ. ಇಂಗ್ಲಿಷಿಗಿಲ್ಲದ ನೀನು-ನೀವು ಇಲ್ಲಿ ಪ್ರತಿ ದೃಶ್ಯದಲ್ಲೂ ನಿರ್ಧಾರ ಕೇಳುತ್ತದೆ. ಸ್ಪೈಡರ್‌ಮ್ಯಾನ್ ಆದ ಹುಡುಗ ಪೀಟರ್ ಪಾರ್ಕರ್, ಐರನ್ ಮ್ಯಾನ್ ಆದ ಟೋನಿ ಸ್ಟಾರ್ಕ್‌ಗೆ ‘ನೀವು’ ಅನ್ನದೆ ವಿಧಿಯಿಲ್ಲ. ಕ್ಯಾಪ್ಟನ್ ಅಮೆರಿಕ ಮತ್ತು ಐರನ್ ಮ್ಯಾನ್ ಜಗಳಕ್ಕೆ ಬಿದ್ದಾಗ ‘ನೀವು’ ಯಾವ ಸಾಲಿನಲ್ಲಿ ‘ನೀನು’ ಆಗಬೇಕು? ಸರಿಯಾದ ಜಾಗದಲ್ಲಿ ಆದರೆ ಮೂಲಕ್ಕಿಂತ ಕನ್ನಡದ ಏಟೇ ಜೋರು. ಸಾಲಿಗೊಂದು ಥರ ಅದಲು ಬದಲಾದರೆ ಕೆಲಸವೆಲ್ಲ ಹಾಳು.

2023ರ ಜೂನ್‌ನಲ್ಲಿ ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದಿ ಸ್ಪೈಡರ್‌ವರ್ಸ್’ ಭಾರತದಲ್ಲಿ ಹತ್ತು ಭಾಷೆಯಲ್ಲಿ ಬಂತು, ಅದರಲ್ಲಿ ಕನ್ನಡವೂ ಒಂದು. ಪವಿತ್ರ್ ಪ್ರಭಾಕರ್ ಎಂಬ ಭಾರತೀಯ ಸ್ಪೈಡರ್‌ಮ್ಯಾನ್ ಇದ್ದ ಚಿತ್ರ ಅದು. ಹೀಗೆ ಕನ್ನಡ ಆವೃತ್ತಿ ಇದ್ದರೂ ಅದಕ್ಕೆ ಸಿಗುವುದು ಬಹಳ ಸಲ ಒಂದೋ ಎರಡೋ ಶೋ, ಅದೂ ಅವೇಳೆಯಲ್ಲಿ. ಜನ ಬರಲಿಲ್ಲ ಎಂಬ ಲೆಕ್ಕ ಹುಟ್ಟುವುದು ಅಲ್ಲಿಂದ.

ಇದಕ್ಕೆ ತಾಂತ್ರಿಕ ನೆಪ ಹೇಳುವಂತಿಲ್ಲ. ಚಿತ್ರಮಂದಿರಕ್ಕೆ ಬರುವ ಡಿಜಿಟಲ್ ಪ್ರತಿಯಲ್ಲಿ ಚಿತ್ರದ ಫೈಲು ಬೇರೆ, ದನಿಯ ಫೈಲು ಬೇರೆ. ಯಾವ ಚಿತ್ರಕ್ಕೆ ಯಾವ ದನಿ ಎಂದು ಹೇಳುವ ಪುಟ್ಟ ಪಟ್ಟಿಯೊಂದು ಪ್ರತಿ ಭಾಷೆಗೂ ಇರುತ್ತದೆ. ಇಂಗ್ಲಿಷಿನದು ಬಂದಿದ್ದರೆ ಕನ್ನಡಕ್ಕೆ ಬೇಕಾಗುವುದು ದನಿಯ ಫೈಲು, ಆ ಪಟ್ಟಿ, ಮತ್ತು ಆ ಚಿತ್ರಮಂದಿರದ ಸರ್ವರ್‌ಗೆಂದೇ ಕಳಿಸುವ ಡಿಜಿಟಲ್ ಕೀಲಿ. ಎಡವಟ್ಟಾಗುವುದು ಕೀಲಿಯಲ್ಲಿ: ಇಂಗ್ಲಿಷ್ ಪಟ್ಟಿಗೆ ಬಂದ ಕೀಲಿ ಕನ್ನಡದ ಪಟ್ಟಿಯನ್ನು ತೆರೆಯುವುದಿಲ್ಲ, ಅದು ಯಾವ ದಿನ, ಯಾವ ಗಂಟೆಯಿಂದ ಯಾವಾಗಿನವರೆಗೆ ಕೆಲಸ ಮಾಡಬೇಕೆಂಬುದೂ ನಿಗದಿಯಾಗಿರುತ್ತದೆ. ಆಪರೇಟರ್ ಹಿಂದಿನ ರಾತ್ರಿಯೇ ಕನ್ನಡದ ಪಟ್ಟಿಯನ್ನು ಒಮ್ಮೆ ಓಡಿಸಿ ನೋಡಿದರೆ, ಬೆಳಗಿನ ಕನ್ನಡ ಶೋ ಕೊನೇ ಗಳಿಗೆಯಲ್ಲಿ ಇಂಗ್ಲಿಷ್ ಆಗುವುದಿಲ್ಲ.