ಬೇಸಿಯನ್ ಎರವಲು ಎಂದರೇನು?

ಹೊಸ ಔಷಧವನ್ನು ಪರೀಕ್ಷಿಸುವಾಗ ಸಾಮಾನ್ಯವಾಗಿ ಅರ್ಧದಷ್ಟು ರೋಗಿಗಳಿಗೆ ಪ್ಲಾಸಿಬೊ, ಅಂದರೆ ಔಷಧವಿಲ್ಲದ ಮಾತ್ರೆ ಅಥವಾ ಚುಚ್ಚುಮದ್ದು ಕೊಡುತ್ತಾರೆ. ಅದೇ ಕಾಯಿಲೆಯ ಹಿಂದಿನ ಪ್ರಯೋಗಗಳಲ್ಲಿ ಪ್ಲಾಸಿಬೊ ಪಡೆದವರ ವಿವರ ದಾಖಲೆಯಲ್ಲಿ ಇದ್ದೇ ಇರುತ್ತದೆ. ಅದನ್ನು ಹೊಸ ಪ್ರಯೋಗದ ಲೆಕ್ಕಕ್ಕೆ ಸೇರಿಸಿಕೊಳ್ಳುವುದೇ ಬೇಸಿಯನ್ ಎರವಲು. ಮೊದಲೇ ಗೊತ್ತಿದ್ದುದು ‘ಪೂರ್ವ ಸಂಭವನೀಯತೆ’. ಹೊಸ ಫಲಿತಾಂಶ ಕೂಡಿದ ಮೇಲೆ ಸಿಗುವುದು ‘ಉತ್ತರ ಸಂಭವನೀಯತೆ’. ಇದರ ಸೂತ್ರ ಇಂಗ್ಲೆಂಡಿನ ಗಣಿತಜ್ಞ ಥಾಮಸ್ ಬೇಸ್ ಅವರದು. ಅವರು ತೀರಿಕೊಂಡ ಮೇಲೆ, 1763ರಲ್ಲಿ ಪ್ರಕಟವಾಯಿತು.

ಬೆನ್ನುಮೂಳೆಯ ಕೀಲುಗಳನ್ನು ಬಿಗಿಯಾಗಿಸುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಕಾಯಿಲೆಗೆ ಸೆಕುಕಿನುಮ್ಯಾಬ್ ಔಷಧವನ್ನು ಪರೀಕ್ಷಿಸಿದ ಪ್ರಯೋಗವನ್ನೇ ನೋಡಿ. ಅದರ ವರದಿ 2013ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಒಟ್ಟು 30 ರೋಗಿಗಳಲ್ಲಿ 24 ಮಂದಿಗೆ ಔಷಧ, ಆರೇ ಮಂದಿಗೆ ಪ್ಲಾಸಿಬೊ. ಆರು ಜನರಿಂದ ಏನು ತಿಳಿದೀತು? ಅದಕ್ಕಾಗಿಯೇ ಹಿಂದಿನ ಎಂಟು ಪ್ರಯೋಗಗಳ ಪ್ಲಾಸಿಬೊ ಗುಂಪುಗಳ ಸಾರವನ್ನು, 43 ರೋಗಿಗಳಲ್ಲಿ 11 ಮಂದಿ ಚೇತರಿಸಿಕೊಂಡಂತೆ, ಲೆಕ್ಕಕ್ಕೆ ತಂದರು. ಹೊಸ ಆರು ಜನರಲ್ಲಿ ಚೇತರಿಸಿಕೊಂಡವರು ಒಬ್ಬರು. ಎರಡನ್ನೂ ಕೂಡಿಸಿದರೆ 49ಕ್ಕೆ 12, ಶೇ. 24ರ ಆಸುಪಾಸು. ಔಷಧ ಪಡೆದವರಲ್ಲಿ ಈ ಪ್ರಮಾಣ ಶೇ. 59. ಔಷಧವೇ ಮೇಲು ಎನ್ನುವ ಸಂಭವನೀಯತೆ ಶೇ. 99.8 ಎಂದು ಲೆಕ್ಕ ಹೇಳಿತು. ನೋವಿನಲ್ಲಿರುವವರನ್ನು ಪ್ಲಾಸಿಬೊ ಗುಂಪಿಗೆ ಇಷ್ಟು ಕಡಿಮೆ ಸಂಖ್ಯೆಯಲ್ಲಿ ಸೇರಿಸಿದರೆ ಸಾಕಾಗುವುದು ಈ ವಿಧಾನದ ನಿಜವಾದ ಹಿರಿಮೆ ಎಂದು ನಾನು ನಂಬುತ್ತೇನೆ.

ಹಾಗೆಂದು ಕಂಡ ಕಂಡ ದತ್ತಾಂಶವನ್ನೆಲ್ಲ ಎರವಲು ತರುವಂತಿಲ್ಲ. ಹಿಂದಿನ ರೋಗಿಗಳ ಕಾಯಿಲೆಯ ತೀವ್ರತೆ, ಅವರಿಗೆ ಸಿಗುತ್ತಿದ್ದ ಇತರ ಚಿಕಿತ್ಸೆ, ಗುಣವಾದದ್ದನ್ನು ಅಳೆದ ಬಗೆ ಇಂದಿನದಕ್ಕೆ ಹೊಂದಬೇಕು. ಸಂಖ್ಯಾಶಾಸ್ತ್ರಜ್ಞ ಸ್ಟುವರ್ಟ್ ಪೊಕಾಕ್ 1976ರಲ್ಲೇ ಇಂತಹ ಷರತ್ತುಗಳನ್ನು ಪಟ್ಟಿ ಮಾಡಿದ್ದರು. ಹೊಂದದಿದ್ದರೆ ಹಳೆಯ ಮಾಹಿತಿ ಹೊಸದನ್ನು ತಪ್ಪು ದಿಕ್ಕಿಗೆ ಎಳೆಯುತ್ತದೆ. ಅದಕ್ಕೆ ಈಗ ಒಂದು ರಕ್ಷಣೆ ಇದೆ: ಹಳೆಯ ಮಾಹಿತಿಯ ಜೊತೆಗೆ ‘ನಮಗೇನೂ ಗೊತ್ತಿಲ್ಲ’ ಎನ್ನುವ ಒಂದು ಪಾಲನ್ನೂ ಬೆರೆಸುತ್ತಾರೆ. ಹಳತು ಹೊಸದು ಒಂದಕ್ಕೊಂದು ವಿರುದ್ಧವಾದಾಗ ಎರವಲಿನ ತೂಕ ತಾನಾಗಿ ಇಳಿಯುತ್ತದೆ. ಆ ಪಾಲು ಎಷ್ಟೆಂಬುದನ್ನು ಮಾತ್ರ ಮೊದಲ ರೋಗಿ ಪ್ರಯೋಗಕ್ಕೆ ಸೇರುವ ಮುನ್ನವೇ ಬರೆದಿಡಬೇಕು. ಫಲಿತಾಂಶ ನೋಡಿದ ಮೇಲೆ ಗೊತ್ತುಮಾಡಿದರೆ ಬೇಕಾದ ಉತ್ತರಕ್ಕೆ ತಕ್ಕ ತೂಕವನ್ನು ಯಾರು ಬೇಕಾದರೂ ಆರಿಸಿಕೊಳ್ಳಬಹುದು.